ಐದರ ಲೆಕ್ಕದ ಹಳೆಯ ಟಿವಿ ಶೀರ್ಷಿಕೆ ಸಂಗೀತ: ಕಿವಿಯಿಂದಲೇ ಗಿಟಾರಿಗೆ ಇಳಿಸುವುದು ಹೇಗೆ?

ಬಿಜೈ ಆರುತಂತಿ:

ಅಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದಾಗ ಗೆಳೆಯರೊಬ್ಬರ ಎಲ್‌ಪಿಯಿಂದ ರೆಕಾರ್ಡ್ ಮಾಡಿಕೊಂಡು ತಂದ ಕ್ಯಾಸೆಟ್ ಒಂದು ನಮ್ಮ ಮನೆಯಲ್ಲಿದೆ. ಅದರಲ್ಲಿರುವುದು ಹಳೆಯ ಅಮೆರಿಕನ್ ಟಿವಿ ಧಾರಾವಾಹಿಗಳ ಶೀರ್ಷಿಕೆ ಸಂಗೀತ. ಅವುಗಳಲ್ಲಿ 'ಮಿಷನ್: ಇಂಪಾಸಿಬಲ್' ಧಾರಾವಾಹಿಯದನ್ನು ಗಿಟಾರಿನಲ್ಲಿ ನುಡಿಸಬೇಕೆಂದು ಕುಳಿತಿದ್ದೇನೆ. ಇತ್ತೀಚಿನ ಸಿನಿಮಾಗಳದ್ದಲ್ಲ, ಲಾಲೋ ಶಿಫ್ರಿನ್ ಅವರು 1966ರಲ್ಲಿ ಟಿವಿಗೆಂದು ಮಾಡಿದ್ದು. ಬೆಂಕಿ ಹತ್ತಿದ ಬತ್ತಿ ಉರಿಯುತ್ತಾ ಸಾಗುವ ಆ ಶೀರ್ಷಿಕೆಯನ್ನು ನೋಡದವರಿಗೂ ಸಂಗೀತ ಮಾತ್ರ ಗೊತ್ತಿರುತ್ತದೆ.

ನನ್ನದೊಂದು ಹಟವಿದೆ. ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಬರೆದ ಪಟ್ಟಿ) ನೋಡುವುದಿಲ್ಲ, ಬೆರಳು ತೋರಿಸುವ ವಿಡಿಯೊ ನೋಡುವುದಿಲ್ಲ. ಕಿವಿಗೆ ಬಿದ್ದದ್ದನ್ನು ಮಾತ್ರ ಹಿಡಿಯುತ್ತೇನೆ. ಬಾಸ್ ಭಾಗದ, ಅಂದರೆ ಕೆಳಗಿನ ಎಳೆಯ, ಎಂಟು ಸ್ವರಗಳು ಹೆಚ್ಚುಕಡಿಮೆ ಸಿಕ್ಕಿವೆ. ಆದರೆ ಕ್ಯಾಸೆಟ್‌ನಲ್ಲಿ ಮೊದಲ ಸ್ವರ ಪಕ್ಕಪಕ್ಕದ ಪಾಶ್ಚಾತ್ಯ ಸ್ವರಗಳಾದ ಎಫ್ ಶಾರ್ಪ್ ಮತ್ತು ಜಿ ಇವೆರಡರ ನಟ್ಟನಡುವೆ ಇದೆ. ಯಾವ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿದರೂ ಕೂಡುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಒಂದು ಹಳೆಯ ಕಂತಿನ ಪ್ರತಿಯಲ್ಲಿ ಅದೇ ಸ್ವರ ಜಿ ಗಿಂತ ಮೇಲೆ, ಜಿ ಶಾರ್ಪ್‌ಗಿಂತ ಕೆಳಗೆ ಇದೆ. ಒಂದೇ ಸಂಗೀತ, ಎರಡು ಶ್ರುತಿ, ಎರಡೂ ನನ್ನ ಗಿಟಾರಿಗೆ ಸೇರುವುದಿಲ್ಲ. ಸಾಲದ್ದಕ್ಕೆ ಕ್ಯಾಸೆಟ್‌ನ ಬಾಸ್ ಸ್ವರ ಒಂದು ಸಲ ಗಟ್ಟಿಯಾಗಿ, ಇನ್ನೊಂದು ಸಲ ಮಂಕಾಗಿ ಕೇಳಿಸುತ್ತದೆ. ಕಾಲಿನಲ್ಲಿ ತಾಳ ಹಾಕಿದರೆ ನಾಲ್ಕು ಮುಗಿದ ಮೇಲೂ ಏನೋ ಉಳಿದುಬಿಡುತ್ತದೆ. ಎಲ್ಲಿಂದ ಬಿಡಿಸಲಿ?

ಮಣಿಪಾಲ ಹಾಸ್ಟೆಲ್:

ಟ್ಯಾಬ್ ನೋಡಿದರೆ ಸಂಜೆಯೊಳಗೆ ಮುಗಿಯುವ ಕೆಲಸ ಇದು. ತಾಳದ ತೊಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ನಾವು ಕಾಲೇಜಿನ ಬ್ಯಾಂಡ್‌ನಲ್ಲಿ ಇದನ್ನು ನಾಲ್ಕರ ಲೆಕ್ಕದಲ್ಲೇ ನುಡಿಸುತ್ತೇವೆ, ಸರಾಗವಾಗಿ ಕೂಡುತ್ತದೆ.

ಹೆಬ್ರಿ ಘಾಟಿ:

ಎಲ್ಲ ಬಿಟ್ಟು ಅಮೆರಿಕದ್ದೇ ಬೇಕಿತ್ತೇ ಮಾರಾಯರೇ? ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಆಗುಂಬೆ. ಅಲ್ಲಿಯೇ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ತೆಗೆದದ್ದು. ಅದರ ಶೀರ್ಷಿಕೆ ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲು ವಿದ್ವಾಂಸರಾದ ಎಲ್. ಸುಬ್ರಹ್ಮಣ್ಯಂ, ಎಲ್. ಶಂಕರ್ ಅವರ ಅಣ್ಣ. 1986ರ ಹೊತ್ತಿಗೆ ದೂರದರ್ಶನದಲ್ಲಿ ಅದು ಬಂದಾಗ ಟಿವಿ ಇದ್ದ ಮನೆಯ ಜಗಲಿಯಲ್ಲಿ ಅರ್ಧ ಊರೇ ಇರುತ್ತಿತ್ತು. ನುಡಿಸುವುದಾದರೆ ಅದನ್ನು ನುಡಿಸಿ.

ಬಿಜೈ ಆರುತಂತಿ:

ಹೆಬ್ರಿಯವರೇ, ಅದೂ ಪಟ್ಟಿಯಲ್ಲಿದೆ. ಆದರೆ ಅಲ್ಲಿ ಮುಖ್ಯ ಎಳೆ ಮನುಷ್ಯರ ಕಂಠ, ಪದವಿಲ್ಲದ 'ತಾನನ'. ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಮಾಡುವುದನ್ನು ಫ್ರೆಟ್ ಇರುವ ವಾದ್ಯ ಮಾಡುವುದಿಲ್ಲ. ಸ್ವರ ಸರಿಯಿದ್ದರೂ ಹಾಡು ಕಾಣೆಯಾಗುತ್ತದೆ. ಇದರಲ್ಲಿ ಆ ತೊಂದರೆ ಇಲ್ಲ, ಎಲ್ಲವೂ ನೇರ ಸ್ವರಗಳು. ಅದಕ್ಕೇ ಮೊದಲು ಇದನ್ನು ಹಿಡಿದೆ.

ಮಣಿಪಾಲದವರೇ, ಟ್ಯಾಬ್ ಬೇಡ ಎಂದು ಮೊದಲೇ ಹೇಳಿದ್ದೇನೆ.

ಟೇಪ್ ರಿಪೇರಿ, ಉಡುಪಿ:

ಬಿಜೈಯವರೇ, ಸ್ವರ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಎರಡು ಮೂಲಗಳೂ ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ. ಅದನ್ನು ಸರಿಪಡಿಸದೆ ಕಿವಿಯನ್ನು ದೂರಬೇಡಿ.

ಮೊದಲು ಅಂತರ್ಜಾಲದ ಪ್ರತಿ. ಆ ಧಾರಾವಾಹಿಯನ್ನು ಫಿಲ್ಮಿನಲ್ಲಿ ಚಿತ್ರೀಕರಿಸಿದ್ದರು, ಸೆಕೆಂಡಿಗೆ 24 ಚೌಕಟ್ಟು. ನಮ್ಮ ದೇಶ ಮತ್ತು ಯುರೋಪಿನ ಹೆಚ್ಚಿನ ದೇಶಗಳು ಬಳಸುತ್ತಿದ್ದ ಪಾಲ್ ಪದ್ಧತಿಯ ಟಿವಿಗೆ ಬೇಕಾದದ್ದು ಸೆಕೆಂಡಿಗೆ 25. ಸುಲಭದ ದಾರಿ ಎಂದರೆ ಫಿಲ್ಮನ್ನೇ 25ರ ವೇಗದಲ್ಲಿ ಓಡಿಸಿಬಿಡುವುದು. ಕಣ್ಣಿಗೆ ಗೊತ್ತಾಗುವುದಿಲ್ಲ, ಧ್ವನಿ ಮಾತ್ರ ಶೇಕಡಾ 4ಕ್ಕಿಂತ ತುಸು ಹೆಚ್ಚು ಮೇಲೇರುತ್ತದೆ. ಪಕ್ಕಪಕ್ಕದ ಎರಡು ಫ್ರೆಟ್‌ಗಳ ನಡುವಿನ ಅಂತರ ಸುಮಾರು ಶೇಕಡಾ 6. ಅಂದರೆ ನೀವು ಕೇಳಿದ್ದು ಜಿ ಯಿಂದ ಮುಕ್ಕಾಲು ಫ್ರೆಟ್‌ಗೆ ಸ್ವಲ್ಪ ಕಡಿಮೆ ಮೇಲೆ. ಜಿ ಗೂ ಜಿ ಶಾರ್ಪ್‌ಗೂ ನಡುವೆ ಎಂದು ನೀವು ಹೇಳಿದ್ದಕ್ಕೆ ಸರಿಯಾಗಿದೆ. ಕಂತಿನ ಅವಧಿಯನ್ನೂ ನೋಡಿ: 50 ನಿಮಿಷ ಇರಬೇಕಾದದ್ದು 48 ಇದ್ದರೆ ಕಾರಣ ಇದೇ.

ಇನ್ನು ಕ್ಯಾಸೆಟ್. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಹಳೆಯ ರೇಡಿಯೊ-ಕ್ಯಾಸೆಟ್ ಟೂ-ಇನ್-ಒನ್‌ಗಳಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿ ಜಾರತೊಡಗಿದರೆ ವೇಗ ಇಳಿಯುತ್ತದೆ, ಸ್ವರವೂ ಇಳಿಯುತ್ತದೆ. ಮೋಟಾರಿನ ಹಿಂಬದಿಯ ಸಣ್ಣ ತೂತಿನೊಳಗೆ ವೇಗ ಹೊಂದಿಸುವ ತಿರುಪು ಇರುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಇರುವುದು ನಿಜ, ಆದರೆ ಅಳೆಯದೆ ಅದಕ್ಕೆ ಕೈ ಹಾಕಬೇಡಿ. ಕಿವಿಯ ಅಂದಾಜಿನಲ್ಲಿ ಅದನ್ನು ತಿರುಗಿಸಿದವರ ಸೆಟ್‌ಗಳೇ ನನ್ನ ಬೆಂಚಿನ ಮೇಲೆ ಹೆಚ್ಚು ಬರುತ್ತಿದ್ದವು.

ಅಳೆಯುವುದು ಹೇಗೆ? ಇದು ನನಗೆ ಬಹಳ ಇಷ್ಟದ ಕೆಲಸ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ನಲ್ಲಿ ಕರೆಂಟಿನ ಗುಂಯ್ ಶಬ್ದ ಸೇರಿಕೊಂಡಿರುವುದು ಬಹಳ ಸಾಮಾನ್ಯ. ಕುವೈತಿನ ಕರೆಂಟು ನಮ್ಮಂತೆಯೇ 50 ಹರ್ಟ್ಸ್. ಆದ್ದರಿಂದ ಗುಂಯ್ ಶಬ್ದ 50ರಲ್ಲಿ, ಅದಕ್ಕಿಂತ ಸ್ಪಷ್ಟವಾಗಿ 100ರಲ್ಲಿ ಇರುತ್ತದೆ. ಕ್ಯಾಸೆಟ್ ನಿಧಾನವಾದರೆ ಸಂಗೀತದ ಜೊತೆ ಆ ಗುಂಯ್ ಕೂಡ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ನಿಮ್ಮ ಅಪ್ಪನ ಕ್ಯಾಸೆಟ್‌ನೊಳಗೇ ಒಂದು ಶ್ರುತಿಪೆಟ್ಟಿಗೆ ಕುಳಿತಿದೆ.

ಒಂದು ಎಚ್ಚರಿಕೆ. ಈಗ ನಿಮ್ಮ ಮನೆಯ ಕರೆಂಟಿನ ಗುಂಯ್ ಅದರ ಜೊತೆ ಬೆರೆಯಬಾರದು. ಸೆಟ್ಟನ್ನು ಸೆಲ್ ಹಾಕಿ ನಡೆಸಿ. ಹಾಡು ಶುರುವಾಗುವ ಮೊದಲಿನ ಖಾಲಿ ಜಾಗವನ್ನು ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತೆಗೆದುಕೊಳ್ಳಿ. ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಆವರ್ತನದ ನಕ್ಷೆ ತೆಗೆದು 100ರ ಆಸುಪಾಸಿನ ಮೊನೆ ಎಲ್ಲಿದೆ ನೋಡಿ. ಕ್ಯಾಸೆಟ್ ನಿಲ್ಲಿಸಿದರೂ ಆ ಮೊನೆ ಉಳಿದರೆ ಅದು ಟೇಪಿನದ್ದಲ್ಲ, ಹೊರಗಿನದ್ದು.

ಬಾಸ್ ಸ್ವರ ಗಟ್ಟಿಯಾಗಿ, ಮಂಕಾಗಿ ಕೇಳುವುದಕ್ಕೂ ಕಾರಣ ಇಲ್ಲಿಯೇ ಇರಬಹುದು. ಕೆಳಗಿನ ಜಿ 49 ಹರ್ಟ್ಸ್. ಟೂ-ಇನ್-ಒನ್‌ನ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ. ನೀವು ಕೇಳುವುದು ಅದರ ಎರಡರಷ್ಟು, ಅಂದರೆ 98. ಪಕ್ಕದಲ್ಲೇ 100ರ ಗುಂಯ್. ಎರಡೂ ಒಂದಕ್ಕೊಂದು ತಾಗಿ ಸೆಕೆಂಡಿಗೆ ಎರಡು ಸಲ ಏರಿಳಿಯುತ್ತವೆ. ಅಲೆ ಏರಿದಾಗ ಮೀಟಿದ ಸ್ವರ ಗಟ್ಟಿ, ಇಳಿದಾಗ ಮೀಟಿದ್ದು ಮಂಕು.

ಮತ್ತೆ, ಮಳೆಗಾಲ ಕಳೆದ ಕ್ಯಾಸೆಟ್ ಆದರೆ ಮೊದಲು ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಓಡಿಸಬೇಡಿ. ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ.

ಬಿಜೈ ಆರುತಂತಿ:

ಬೂಸ್ಟು ಇಲ್ಲ. ಸೆಲ್ ಹಾಕಿ ನೋಡಿದೆ. ಮೊನೆ ಇರುವುದು 97ರಲ್ಲಿ! ಅಂದರೆ ಶೇಕಡಾ 3 ನಿಧಾನ. ಜಿ ಯಿಂದ ಅರ್ಧ ಫ್ರೆಟ್ ಕೆಳಗೆ, ನಾನು ಹೇಳಿದ 'ನಟ್ಟನಡುವೆ' ಅದೇ. ವೇಗವನ್ನು ಶೇಕಡಾ 3.1ರಷ್ಟು ಏರಿಸಿದೆ. ಈಗ ಗಿಟಾರಿನ ಆರನೆಯ (ಎಲ್ಲಕ್ಕಿಂತ ದಪ್ಪನೆಯ) ತಂತಿಯ ಮೂರನೆಯ ಫ್ರೆಟ್‌ಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತದೆ.

ಅಪ್ಪನಿಗೆ ಕೇಳಿಸಿದರೆ 'ಇದೇನು, ಓಡಿಸಿಬಿಟ್ಟಿದ್ದೀಯಲ್ಲ' ಎಂದರು. ಇಷ್ಟು ವರ್ಷ ಜಾರುವ ಬೆಲ್ಟಿನ ಶ್ರುತಿಯೇ ಅವರಿಗೆ ಸರಿಯಾದ ಶ್ರುತಿ.

ಟೇಪ್ ರಿಪೇರಿ, ಉಡುಪಿ:

ವೇಗವನ್ನು ಬದಲಿಸಿದಿರಿ ತಾನೇ, ಲಯವನ್ನು ಮಾತ್ರವಲ್ಲವಲ್ಲ? ತಂತ್ರಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆ ಇದೆ. ವೇಗ ಬದಲಿಸಿದರೆ ಸ್ವರವೂ ಏರುತ್ತದೆ. ಇಲ್ಲಿ ಬೇಕಾದದ್ದು ಅದೇ. ಮುಂದೆ ಕಲಿಯುವಾಗ ಸ್ವರ ಕದಲಿಸದೆ ನಿಧಾನ ಮಾಡಲು ಇನ್ನೊಂದನ್ನು ಬಳಸಿ. ಎಲ್‌ಪಿ ತಿರುಗಿದ ವೇಗವೇ ತಪ್ಪಿದ್ದರೆ ಈ ಉಪಾಯದಿಂದ ಅದು ಸರಿಯಾಗುವುದಿಲ್ಲ. ನಿಮ್ಮದು ನೇರವಾಗಿ ಜಿ ಗೆ ಬಂದು ಕೂತಿರುವುದರಿಂದ ಆ ಚಿಂತೆ ಇಲ್ಲ.

ಮದ್ದಳೆ, ಬ್ರಹ್ಮಾವರ:

ಶ್ರುತಿಯ ವಿಚಾರ ಮುಗಿಯಿತಲ್ಲ, ನಾನು ತಾಳಕ್ಕೆ ಬರುತ್ತೇನೆ. ನಾಲ್ಕು ಹಾಕಿದರೆ ಉಳಿಯುತ್ತದೆ ಎಂದಿರಿ. ಉಳಿಯಲೇಬೇಕು, ಏಕೆಂದರೆ ಅದು ಐದು. ಆದರೆ ಐದೆಂದು ಎಣಿಸಿದರೂ ಸುಖವಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಕಾಲು ತಟ್ಟಿ ನೋಡಿ. ಎರಡನೆಯ ಪೆಟ್ಟು ಕಾಲಿಗೂ ಕಿವಿಗೂ ಬೇರೆ ಬೇರೆ ಕಡೆ ಬೀಳುತ್ತದೆ. ಐದನ್ನು ಇಮ್ಮಡಿಸಿ ಹತ್ತು ಮಾಡಿ. ಈಗ ಬಾಯಲ್ಲಿ ಹೇಳಿ:

ತಕಿಟ ತಕಿಟ ತಕ ತಕ
ತಕಿಟ ತಕಿಟ ತಕ ತಕ

ಮೂರು, ಮೂರು, ಎರಡು, ಎರಡು. ಪ್ರತಿ ತುಂಡಿನ ಮೊದಲ 'ತ' ಬಿದ್ದಲ್ಲಿ ಒಂದು ಬಾಸ್ ಸ್ವರ. ಮೊದಲ ಸಾಲಿನ ನಾಲ್ಕು, ಎರಡನೆಯ ಸಾಲಿನ ನಾಲ್ಕು, ಒಟ್ಟು ನಿಮ್ಮ ಎಂಟು ಸ್ವರ. ಕಾಲನ್ನು ಸುಮ್ಮನಿರಿಸಿ ಬಾಯಿಗೆ ಕೆಲಸ ಕೊಡಿ. ಎರಡು ಉದ್ದ, ಎರಡು ಗಿಡ್ಡ ಎಂಬುದು ನಾಲಿಗೆಗೆ ಬಂದ ಮೇಲೆ ಕೈಗೆ ತಾನಾಗಿ ಬರುತ್ತದೆ. ಗಿಟಾರ್ ಕೆಳಗಿಟ್ಟು, ಅಡುಗೆ ಮನೆಗೆ ಹೋಗಿ ಬರುವಾಗ, ಬಸ್ ಕಾಯುವಾಗ ಹೇಳುತ್ತಿರಿ.

ಹತ್ತು ಅಕ್ಷರ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದ ಮಿಶ್ರ ಝಂಪೆಯೂ ಹತ್ತೇ, ಆದರೆ ಅಲ್ಲಿ ಒಡೆಯುವುದು ಏಳು, ಒಂದು, ಎರಡು ಎಂದು. ಖಂಡ ಛಾಪು ಐದು, ಅದು ಎರಡು ಮತ್ತು ಮೂರು. ಸಂಖ್ಯೆ ಹೊಂದಿತೆಂದು ಅವುಗಳ ಮೇಲೆ ಇದನ್ನು ಕೂರಿಸಲು ಹೋದರೆ ಪೆಟ್ಟುಗಳು ಜಾಗ ತಪ್ಪುತ್ತವೆ. ಇದರ ನಡೆ ಇದರದ್ದೇ.

ಮಣಿಪಾಲ ಹಾಸ್ಟೆಲ್:

ಹಾಗಾದರೆ ನಾವು ನುಡಿಸುತ್ತಿರುವುದು ತಪ್ಪೇ? ರೆಕಾರ್ಡಿನ ಜೊತೆ ಸರಿಯಾಗಿ ಕೂಡುತ್ತದಲ್ಲ?

ಮದ್ದಳೆ, ಬ್ರಹ್ಮಾವರ:

ಯಾವ ರೆಕಾರ್ಡಿನ ಜೊತೆ ಎಂಬುದೇ ಪ್ರಶ್ನೆ ತಮ್ಮ. 1996ರ ಸಿನಿಮಾಕ್ಕೆಂದು ಯು-2 ಎಂಬ ರಾಕ್ ತಂಡದ ಆಡಮ್ ಕ್ಲೇಟನ್ ಮತ್ತು ಲ್ಯಾರಿ ಮುಲ್ಲೆನ್ ಇದನ್ನು ಹೊಸದಾಗಿ ಮಾಡಿದರು. ಕುಣಿಯಲು ಅನುಕೂಲವಾಗಲೆಂದು ನಾಲ್ಕಕ್ಕೆ ತಂದರು. ನೀವು ಕೇಳಿರುವುದು ಅದು. ಅವರ ಲೆಕ್ಕಕ್ಕೆ ನಿಮ್ಮ ನಾಲ್ಕು ಸರಿ. ಆದರೆ ಬಿಜೈಯವರ ಕ್ಯಾಸೆಟ್ಟಿನಲ್ಲಿ ಇರುವುದು ಮೂಲದ್ದು. ಆ ಉಳಿಯುವ ಒಂದನ್ನು ತೆಗೆದುಬಿಟ್ಟರೆ ಓಟ ಸಿಗುತ್ತದೆ, ಕಾಲು ಜಾರಿದಂತಾಗುವ ಕಳವಳ ಸಿಗುವುದಿಲ್ಲ. ಆ ಕಳವಳಕ್ಕಾಗಿಯೇ ಈ ಸಂಗೀತ ಇರುವುದು ಎಂದು ನಾನು ಭಾವಿಸುತ್ತೇನೆ. ಕದ್ದು ಒಳಗೆ ನುಗ್ಗುವವರ ಕಥೆಗೆ ಮೆರವಣಿಗೆಯ ನಡೆ ಏಕೆ?

ಮಣಿಪಾಲ ಹಾಸ್ಟೆಲ್:

ಈಗ ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಒಪ್ಪಿದೆ. ಆದರೂ ವೇದಿಕೆಯ ಮೇಲೆ ನಾಲ್ಕೇ ಒಳ್ಳೆಯದು, ಕೇಳುವವರು ಚಪ್ಪಾಳೆ ಹೊಡೆಯಬೇಕಲ್ಲ.

ಇನ್ನೊಂದು ವಿಷಯ: ಮೋರ್ಸ್ ಸಂಕೇತದಲ್ಲಿ ಎಂ ಎಂದರೆ ಎರಡು ಗೆರೆ, ಐ ಎಂದರೆ ಎರಡು ಚುಕ್ಕೆ. ಧಾರಾವಾಹಿಯ ಹೆಸರಿನ ಮೊದಲ ಅಕ್ಷರಗಳು. ಉದ್ದ ಉದ್ದ ಗಿಡ್ಡ ಗಿಡ್ಡ! ನಿಮ್ಮ ತಕಿಟ ತಕಿಟ ತಕ ತಕ.

ಮದ್ದಳೆ, ಬ್ರಹ್ಮಾವರ:

ನೆನಪಿಟ್ಟುಕೊಳ್ಳಲು ಚೆನ್ನಾಗಿದೆ. ಎರಡು ಅಕ್ಷರ ಹೊಂದಿತೆಂದು ಅದರಿಂದಲೇ ಸಂಗೀತ ಹುಟ್ಟಿತು ಎನ್ನಲು ನಾನು ಸಿದ್ಧನಿಲ್ಲ.

ಕುಲಶೇಖರ ಟ್ರಂಪೆಟ್:

ನಾನು ಇಗರ್ಜಿಯ ಹಬ್ಬಕ್ಕೆ, ಮದುವೆಯ ದಿಬ್ಬಣಕ್ಕೆ ಬ್ಯಾಂಡ್‌ಸೆಟ್‌ನಲ್ಲಿ ಊದುವವನು. ಬಾಸ್ ಬಗ್ಗೆಯೇ ಎಲ್ಲರೂ ಮಾತನಾಡುತ್ತಿದ್ದೀರಿ, ಮೇಲಿನ ಎಳೆಯನ್ನು ಯಾರೂ ಮುಟ್ಟಿಲ್ಲ. ಮೂಲದಲ್ಲಿ ಅದು ಪಾಶ್ಚಾತ್ಯ ಕೊಳಲಿನದು, ನಾವು ಒಂದು ಸ್ಥಾಯಿ ಇಳಿಸಿ ಊದುತ್ತೇವೆ. ಕಿವಿಯಿಂದ ಹಿಡಿಯುವವರಿಗೆ ಒಂದು ಸುಳಿವು: ಎರಡು ಚಿಕ್ಕ ಸ್ವರ, ಒಂದು ಉದ್ದ ಸ್ವರ, ಹೀಗೆ ಮೂರು ಸಲ ಬರುತ್ತದೆ. ಚಿಕ್ಕ ಸ್ವರಗಳು ಮೂರು ಸಲವೂ ಅವೇ. ಉದ್ದದ್ದು ಮಾತ್ರ ಪ್ರತಿ ಸಲ ಅರ್ಧ ಸ್ವರ ಇಳಿಯುತ್ತದೆ. ಆದ್ದರಿಂದ ಒಂಬತ್ತು ಸ್ವರ ಹುಡುಕಬೇಕಾಗಿಲ್ಲ. ನನ್ನ ಕೈಯಲ್ಲಿ ಅದು ಹೀಗಿದೆ: ಸಿ ಎ ಇ, ಸಿ ಎ ಡಿ ಶಾರ್ಪ್, ಸಿ ಎ ಡಿ, ಕೊನೆಗೆ ಕೆಳಗಿನ ಸಿ, ಡಿ.

ಬಿಜೈ ಆರುತಂತಿ:

ಉತ್ತರವನ್ನೇ ಹೇಳಿಬಿಟ್ಟಿರಲ್ಲ! ಇರಲಿ. ಆದರೆ ಇದು ಕೂಡುತ್ತಿಲ್ಲ. ಬಾಸ್ ಜಿ ಯಿಂದ ಹಿಡಿದು ಇದನ್ನು ಮೇಲೆ ನುಡಿಸಿದರೆ ಎರಡು ಬೇರೆ ಬೇರೆ ಮನೆಯ ಸಂಗೀತ ಒಟ್ಟಿಗೆ ಕೇಳಿದ ಹಾಗಿದೆ. ಕ್ಯಾಸೆಟ್‌ನಲ್ಲಿ ನನಗೆ ಕೇಳುತ್ತಿರುವುದು ಬಿ ಫ್ಲಾಟ್, ಜಿ, ಡಿ.

ಕುಲಶೇಖರ ಟ್ರಂಪೆಟ್:

ನಿಮ್ಮ ಕಿವಿಯೂ ಸರಿ, ನನ್ನ ಸ್ವರವೂ ಸರಿ. ಟ್ರಂಪೆಟ್ ಬಿ ಫ್ಲಾಟ್ ವಾದ್ಯ. ನಾನು ಸಿ ಎಂದು ಓದಿ ಊದಿದರೆ ಹೊರಗೆ ಬರುವುದು ಬಿ ಫ್ಲಾಟ್. ನೀವು ಜಿ ಯನ್ನು ಆಧಾರವಾಗಿ ಹಿಡಿದ ಸ್ವರಸಾಲು, ಅಂದರೆ ಜಿ ಮೈನರ್, ನನ್ನ ಪುಸ್ತಕದಲ್ಲಿ ಎ ಮೈನರ್. ಬ್ಯಾಂಡಿನವರು ಹೇಳಿದ ಸ್ವರವನ್ನು ಗಿಟಾರಿನವರು ಯಾವಾಗಲೂ ಎರಡು ಫ್ರೆಟ್ ಇಳಿಸಿ ಓದಬೇಕು. ನಮ್ಮ ಊರಿನ ಎಷ್ಟೋ ರೋಸ್ (ಮದುವೆಯ ಮುನ್ನಾದಿನದ ಶಾಸ್ತ್ರ) ಸಂಜೆಗಳಲ್ಲಿ ಗಿಟಾರಿಗೂ ಟ್ರಂಪೆಟ್ಟಿಗೂ ಮೊದಲ ಹಾಡಿನಲ್ಲೇ ಜಗಳ ಹತ್ತಲು ಇದು ಸಾಕು.

ಬಿಜೈ ಆರುತಂತಿ:

ಸಿಕ್ಕಿತು. ಮೊದಲ ತಂತಿಯ ಆರನೆಯ ಫ್ರೆಟ್, ಮೂರನೆಯ ಫ್ರೆಟ್, ಆಮೇಲೆ ಎರಡನೆಯ ತಂತಿಯ ಮೂರು. ಮುಂದಿನ ಸಲ ಎರಡು, ಅದರ ಮುಂದಿನ ಸಲ ಒಂದು. ಕೊನೆಗೆ ಮೂರನೆಯ ತಂತಿಯ ಮೂರು, ಎರಡನೆಯ ತಂತಿಯ ಒಂದು. ಎಲ್ಲ ಅಂಗೈಯಗಲದ ಜಾಗದಲ್ಲೇ ಇದೆ.

ಬಾಸ್ ಪೂರ್ತಿ ಹೀಗೆ: ಜಿ, ಜಿ, ಬಿ ಫ್ಲಾಟ್, ಸಿ, ಜಿ, ಜಿ, ಎಫ್, ಎಫ್ ಶಾರ್ಪ್. ಕೊನೆಯ ಸ್ವರ ಎಫ್ ಶಾರ್ಪ್ ಹೌದೋ ಅಲ್ಲವೋ ಎಂಬ ಸಂಶಯ ಇತ್ತು. ತಕ ತಕ ಹೇಳಿಕೊಂಡು ಕೇಳಿದಾಗ ಸ್ಪಷ್ಟವಾಯಿತು. ಮೊದಲು ಆ ಎರಡು ಗಿಡ್ಡ ಸ್ವರಗಳನ್ನು ಒಂದೇ ಸ್ವರ ಎಂದುಕೊಂಡಿದ್ದೆ.

ಕೊಡಿಯಾಲ್‌ಬೈಲ್ ಶ್ರುತಿ:

ನಾನು ಹಾಡುಗಾರಿಕೆ ಕಲಿಸುವವಳು. ಗಿಟಾರ್ ಗೊತ್ತಿಲ್ಲ, ಆದರೆ ನೀವು ಬರೆದದ್ದನ್ನು ಜಿ ಯನ್ನು ಷಡ್ಜ ಮಾಡಿಕೊಂಡು ಹಾಡಿ ನೋಡಿದೆ. ಬಾಸ್: ಸ ಸ ಗ ಮ, ಸ ಸ ನಿ ನಿ. ಗಾಂಧಾರ ಸಾಧಾರಣ, ಮಧ್ಯಮ ಶುದ್ಧ. ಕೊನೆಯ ಎರಡು ನಿಷಾದಗಳು ಮಂದ್ರದವು: ಮೊದಲನೆಯದು ಕೈಶಿಕಿ, ಎರಡನೆಯದು ಅದಕ್ಕಿಂತ ಅರ್ಧ ಸ್ವರ ಮೇಲಿನ ಕಾಕಲಿ. ಸ್ವರವೊಂದು ಮೆಟ್ಟಿಲು ಹತ್ತಿ ಮತ್ತೆ ಷಡ್ಜದ ಬಾಗಿಲಿಗೆ ಬರುತ್ತದೆ. ಅದಕ್ಕೇ ಬಾಸ್ ಮುಗಿದಂತೆ ಅನ್ನಿಸುವುದೇ ಇಲ್ಲ, ಕಾಕಲಿ ನಿಷಾದ ಮತ್ತೆ ಮೊದಲಿಗೆ ನೂಕುತ್ತದೆ.

ಮೇಲಿನ ಎಳೆ: ಗ ಸ, ಮಂದ್ರ ಪಂಚಮ. ಗ ಸ, ಪ್ರತಿ ಮಧ್ಯಮ. ಗ ಸ, ಶುದ್ಧ ಮಧ್ಯಮ. ಎರಡು ಮಧ್ಯಮ, ಎರಡು ನಿಷಾದ ಒಂದರ ಪಕ್ಕ ಒಂದು ಬರುವ ಇದಕ್ಕೆ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಮನೆ ಹುಡುಕಲು ಹೋಗಬೇಡಿ. ಇದು ರಾಗವಲ್ಲ, ಇಳಿಜಾರು. ಆದರೆ ಸರಿಗಮದಲ್ಲಿ ಹಾಡಿಕೊಳ್ಳುವುದರಿಂದ ಲಾಭ ಖಂಡಿತ ಇದೆ. ಷಡ್ಜ ಎಲ್ಲಿದೆ ಎಂಬುದು ಕಂಠಕ್ಕೆ ಗೊತ್ತಾದ ಮೇಲೆ ಯಾವ ಶ್ರುತಿಗೆ ಬದಲಿಸಿದರೂ ದಾರಿ ತಪ್ಪುವುದಿಲ್ಲ. ಟ್ರಂಪೆಟ್ಟಿನ ಎ, ಗಿಟಾರಿನ ಜಿ ಎಂಬ ಗೊಂದಲ ನಮ್ಮವರಿಗೆ ಆಗುವುದೇ ಇಲ್ಲ. ಎರಡೂ ಷಡ್ಜವೇ.

ಮತ್ತೆ, ಗಮಕ ಹಾಕಬೇಡಿ. ನನ್ನ ವಿದ್ಯಾರ್ಥಿಗಳು ಇದನ್ನು ಹಾಡಿದರೆ ಗಾಂಧಾರ ತಾನಾಗಿ ಅಲುಗುತ್ತದೆ, ಕೇಳಲು ವಿಚಿತ್ರ. ಸ್ವರಗಳನ್ನು ಬೋಳಾಗಿ ಹಿಡಿದರೇನೇ ಇದಕ್ಕೆ ಚೆಂದ.

ಹೆಬ್ರಿ ಘಾಟಿ:

ಬೋಳು ಸ್ವರಕ್ಕೆ ಇಷ್ಟೊಂದು ಚರ್ಚೆ! ಮಾಲ್ಗುಡಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಕೊಡಿಯಾಲ್‌ಬೈಲ್ ಶ್ರುತಿ:

ಮಾಲ್ಗುಡಿಗೆ ಗಿಟಾರ್ ಬೇಡ, ನಮ್ಮ ಮನೆಗೆ ಬನ್ನಿ, ಹಾಡೋಣ.

ಪಾಂಡೇಶ್ವರ ನೈಲಾನ್:

ಬಿಜೈಯವರೇ, ಬಾಸ್ ಮತ್ತು ಮೇಲಿನ ಎಳೆ ಎರಡನ್ನೂ ಒಬ್ಬರೇ ಒಂದು ಗಿಟಾರಿನಲ್ಲಿ ನುಡಿಸುವ ಯೋಚನೆ ಇದೆಯೇ? ಇದ್ದರೆ ಜಿ ಮೈನರ್ ಬಿಟ್ಟುಬಿಡಿ. ಬಾಸಿನ ಎಫ್ ಮೊದಲ ಫ್ರೆಟ್‌ನಲ್ಲಿ, ಎಳೆಯ ಬಿ ಫ್ಲಾಟ್ ಆರನೆಯ ಫ್ರೆಟ್‌ನಲ್ಲಿ. ಬಾಸಿನಲ್ಲಿ ಒಂದೂ ಖಾಲಿ ತಂತಿ ಇಲ್ಲ. ಬಾಸ್ ನಡೆಯುತ್ತಿರುವಾಗ ಎಡಗೈಗೆ ಉಸಿರಾಡಲೂ ಸಮಯವಿಲ್ಲ.

ಟ್ರಂಪೆಟ್ಟಿನವರು ಬರೆದ ಸ್ವರಗಳನ್ನೇ ಹಾಗೆಯೇ ಇಟ್ಟುಕೊಳ್ಳಿ, ಎ ಮೈನರ್. ನೋಡಿ, ಬಾಸ್ ಹೇಗೆ ಬದಲಾಗುತ್ತದೆ: ಎ, ಎ, ಸಿ, ಡಿ, ಎ, ಎ, ಜಿ, ಜಿ ಶಾರ್ಪ್. ಎ ಎಂದರೆ ಐದನೆಯ ತಂತಿ ಖಾಲಿ. ಡಿ ನಾಲ್ಕನೆಯ ತಂತಿ ಖಾಲಿ. ಒತ್ತಬೇಕಾದದ್ದು ಐದನೆಯ ತಂತಿಯ ಮೂರು, ಆರನೆಯ ತಂತಿಯ ಮೂರು ಮತ್ತು ನಾಲ್ಕು ಮಾತ್ರ. ಎಂಟರಲ್ಲಿ ಐದು ಪೆಟ್ಟು ಹೆಬ್ಬೆರಳೊಂದರಿಂದಲೇ ಮುಗಿಯುತ್ತವೆ.

ಮೇಲಿನ ಎಳೆಗೆ ಮೊದಲ ತಂತಿಯ ಎಂಟು, ಐದು, ಆಮೇಲೆ ಅದೇ ತಂತಿ ಖಾಲಿ. ಆ ಖಾಲಿ ಇ ಮೊಳಗುತ್ತಿರುವಾಗ ಎಡಗೈ ನಿಧಾನವಾಗಿ ಮೂರನೆಯ ಫ್ರೆಟ್‌ಗೆ ಇಳಿದು ಬರಬಹುದು. ಎರಡನೆಯ ಸಲ ಉದ್ದ ಸ್ವರ ಎರಡನೆಯ ತಂತಿಯ ನಾಲ್ಕು, ಅದಕ್ಕೆ ಕಿರುಬೆರಳು. ಹಾಗೆ ಮಾಡಿದರೆ ಬಾಸಿನ ಮೂರನೆಯ ಫ್ರೆಟ್‌ಗೆ ತೋರುಬೆರಳು, ನಾಲ್ಕನೆಯ ಫ್ರೆಟ್‌ಗೆ ನಡುಬೆರಳು ಸಿಗುತ್ತವೆ. ಮೂರನೆಯ ಸಲ ಎರಡನೆಯ ತಂತಿಯ ಮೂರು, ಉಂಗುರಬೆರಳು.

ಕ್ಯಾಸೆಟ್‌ನ ಜೊತೆ ಸೇರಿಸಿ ನುಡಿಸಬೇಕಾದರೆ ತಂತಿಗಳನ್ನೆಲ್ಲ ಎರಡು ಫ್ರೆಟ್‌ನಷ್ಟು ಇಳಿಸಿ ಶ್ರುತಿ ಮಾಡಿಕೊಳ್ಳಿ. ಬೆರಳು ಎ ಮೈನರ್‌ನಲ್ಲೇ ಇರುತ್ತದೆ, ಹೊರಗೆ ಜಿ ಮೈನರ್ ಕೇಳುತ್ತದೆ. ನೈಲಾನ್ ತಂತಿ ಸ್ವಲ್ಪ ಸಡಿಲವಾಗಿ ಬಾಸ್ ಗುಡುಗುತ್ತದೆ. ನನಗೆ ಅದು ಇಷ್ಟ.

ಕುಲಶೇಖರ ಟ್ರಂಪೆಟ್:

ಈಗ ನೀವೂ ಟ್ರಂಪೆಟ್ಟಿನವರಾದಿರಿ. ಬಿ ಫ್ಲಾಟ್ ಗಿಟಾರ್! ನನ್ನ ಪುಸ್ತಕವನ್ನೇ ಇಟ್ಟುಕೊಂಡು ಒಟ್ಟಿಗೆ ನುಡಿಸಬಹುದು.

ಮದ್ದಳೆ, ಬ್ರಹ್ಮಾವರ:

ಒಬ್ಬರೇ ನುಡಿಸುವುದಾದರೆ ಒಂದು ಮಾತು. ಮೂಲದಲ್ಲಿ ಬೊಂಗೊ ಎಂಬ ಜೋಡಿ ಚರ್ಮವಾದ್ಯ ಇದೆ, ಅದನ್ನು ಗಿಟಾರಿನ ಮೈ ತಟ್ಟಿ ತರಲು ಹೋಗಬೇಡಿ, ಹೆಬ್ಬೆರಳು ತಾಳ ತಪ್ಪುತ್ತದೆ. ಅದರ ಬದಲು ತಕಿಟದ ಉಳಿದ ಎರಡು ಅಕ್ಷರಗಳಲ್ಲಿ ಬಾಸ್ ತಂತಿಯನ್ನು ಅಂಗೈಯ ಅಂಚಿನಿಂದ ಮುಚ್ಚಿ. ಆ ಮೌನ ಇದ್ದರೆ ಉದ್ದ ಉದ್ದ ಗಿಡ್ಡ ಗಿಡ್ಡ ಎಂಬುದು ಚಾಕುವಿನಲ್ಲಿ ಕೊಯ್ದಂತೆ ಕೇಳುತ್ತದೆ. ಬಾಸ್ ಎಳೆದುಕೊಂಡು ಹೋದರೆ ಎಲ್ಲ ಒಂದೇ ಗಂಜಿ.

ಪಾಂಡೇಶ್ವರ ನೈಲಾನ್:

ಖಾಲಿ ಎ ಯನ್ನು ಮುಚ್ಚಲು ಅಂಗೈಗಿಂತ ಹೆಬ್ಬೆರಳನ್ನೇ ವಾಪಸ್ ತಂತಿಯ ಮೇಲೆ ಇಡುವುದು ಉತ್ತಮ. ಅಂಗೈ ಇಟ್ಟರೆ ಮೇಲಿನ ಎಳೆಯೂ ಮಂಕಾಗುತ್ತದೆ.

ಬಿಜೈ ಆರುತಂತಿ:

ಎ ಮೈನರ್‌ನಲ್ಲಿ ಕೂರಿಸಿದೆ. ಮೊದಲ ಎರಡು ಸಲ ಸುಲಭ. ಮೂರನೆಯ ಸಲ ತೊಂದರೆ: ಉಂಗುರಬೆರಳು ಎರಡನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಡಿ ಹಿಡಿದಿರುವಾಗ ನಡುಬೆರಳು ಆರನೆಯ ತಂತಿಯ ನಾಲ್ಕನೆಯ ಫ್ರೆಟ್‌ಗೆ ಹೋಗಬೇಕು. ಬೆರಳುಗಳು ಹೆಣೆದುಕೊಳ್ಳುತ್ತವೆ, ಡಿ ಸತ್ತುಹೋಗುತ್ತದೆ. ಬೇರೆ ದಾರಿ ಇದೆಯೇ?

ಪಾಂಡೇಶ್ವರ ನೈಲಾನ್:

ಆ ಡಿ ಯನ್ನು ಮೂರನೆಯ ತಂತಿಯ ಏಳನೆಯ ಫ್ರೆಟ್‌ನಲ್ಲಿ ಹುಡುಕಲು ಹೋಗಬೇಡಿ, ಬಾಸಿನಿಂದ ಇನ್ನೂ ದೂರವಾಗುತ್ತದೆ. ಡಿ ಗೆ ಕಿರುಬೆರಳನ್ನೇ ಇಡಿ, ಎರಡನೆಯ ಸಲ ಇದ್ದದ್ದೇ ಬೆರಳು ಒಂದು ಫ್ರೆಟ್ ಕೆಳಗೆ ಜಾರಲಿ. ಜಿ ಶಾರ್ಪ್ ಬರುವ ಹೊತ್ತಿಗೆ ಡಿ ಯನ್ನು ಬಿಟ್ಟುಬಿಡಿ. ಗಿಡ್ಡ ಪೆಟ್ಟು ಎರಡು ಅಕ್ಷರ ಮಾತ್ರ, ಕೇಳುವವರ ಕಿವಿಯಲ್ಲಿ ಡಿ ಇನ್ನೂ ಇರುತ್ತದೆ.

ಬಿಜೈ ಆರುತಂತಿ:

ಜಾರಿಸುವಾಗ ನೈಲಾನ್ ಇಲ್ಲದ ನನ್ನ ಸ್ಟೀಲ್ ತಂತಿ ಕಿರ್ರ್ ಎನ್ನುವುದಿಲ್ಲವೇ?

ಪಾಂಡೇಶ್ವರ ನೈಲಾನ್:

ಎರಡನೆಯ ತಂತಿಗೆ ಸುತ್ತು ಇರುವುದಿಲ್ಲ, ಸ್ಟೀಲಿನದ್ದಾದರೂ ಕಿರುಗುಟ್ಟುವುದಿಲ್ಲ. ಸುತ್ತು ಇರುವ ತಂತಿಗಳ ಮೇಲೆ ಜಾರಬೇಡಿ, ಅಷ್ಟೇ. ಆರನೆಯ ತಂತಿಯ ಮೂರರಿಂದ ನಾಲ್ಕಕ್ಕೆ ಹೋಗುವಾಗ ತೋರುಬೆರಳು ಎತ್ತಿ ನಡುಬೆರಳು ಇಡಿ.